ರಜೆಯ ದಿನದ ಕಡ್ಡಾಯ ಕೂಟಕ್ಕೆ ಹೋಗಲೇಬೇಕೆ?

ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವಳೆಂಬ ಕಾರಣಕ್ಕೆ ಪರಿಚಿತರೂ ಅಪರಿಚಿತರೂ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಕಚೇರಿಯವರು ಶನಿವಾರ ಸಂಜೆ ಗೆಟ್ ಟುಗೆದರ್ ಇಟ್ಟುಕೊಂಡಿದ್ದಾರೆ, ಅಥವಾ ವಾರಾಂತ್ಯಕ್ಕೆ ಎರಡು ದಿನದ ಟೀಮ್ ಔಟಿಂಗ್ ಇದೆ, ಅಥವಾ ಕೆಲಸ ಮುಗಿದ ಮೇಲೆ ಯಾರೋ ಹಿರಿಯ ಅಧಿಕಾರಿಯ ಭಾಷಣವಿದೆ. ಎಲ್ಲರೂ ಬರಲೇಬೇಕಂತೆ, ಹೋಗಬೇಕೇ? ನನ್ನ ಉತ್ತರ ಚಿಕ್ಕದು. ಬರಲೇಬೇಕು ಎಂದಾದರೆ ಅದು ಕೆಲಸ. ಕೆಲಸವಾದರೆ ಹೋಗಿ, ಆದರೆ ಆ ಹೊತ್ತನ್ನು ಕೆಲಸದ ಲೆಕ್ಕಕ್ಕೆ ಸೇರಿಸಿ ಎಂದು ಕೇಳಿ. ಸೇರಿಸುವುದಿಲ್ಲ ಎಂದರೆ ಅದು ಬರಿಯ ಆಹ್ವಾನ, ಹೋಗುವುದೂ ಬಿಡುವುದೂ ನಿಮ್ಮ ಇಚ್ಛೆ. ಇಷ್ಟು ಹೇಳುವುದು ಸುಲಭ, ಅದರಂತೆ ನಡೆಯುವುದು ಕಷ್ಟ, ಏಕೆಂದರೆ ಹೆಚ್ಚಿನ ಕೂಟಗಳು ತಾವು ಕೆಲಸವೋ ಆಹ್ವಾನವೋ ಎಂಬುದನ್ನು ಬಿಟ್ಟುಕೊಡದ ಹಾಗೆ ನಡೆಯುತ್ತವೆ.

ಕೆಲಸದ ಹೊತ್ತು ಎಂದರೆ ಯಾವುದು ಎಂಬುದಕ್ಕೆ ಕಾನೂನಿನ ಲೋಕದಲ್ಲಿ ಹಳೆಯ ಉತ್ತರವೊಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರ ತನ್ನ ಮೊತ್ತಮೊದಲ ಒಡಂಬಡಿಕೆಯಲ್ಲಿಯೇ ಕೈಗಾರಿಕೆಗಳಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಕಿತು. ಅದೇ ಮಿತಿಯನ್ನು ವ್ಯಾಪಾರ ಮತ್ತು ಕಚೇರಿಗಳಿಗೆ ವಿಸ್ತರಿಸಿದ 1930ರ ಒಡಂಬಡಿಕೆಯ ಪ್ರಕಾರ, ನೌಕರರು ಮಾಲೀಕರ ಅಧೀನದಲ್ಲಿ ಇರುವ ಹೊತ್ತೆಲ್ಲವೂ ಕೆಲಸದ ಹೊತ್ತೇ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂಬುದಕ್ಕಿಂತ ಆ ಹೊತ್ತು ಯಾರ ಕೈಯಲ್ಲಿದೆ ಎಂಬುದು ಇಲ್ಲಿ ಮುಖ್ಯ. ಕಚೇರಿಯವರು ಹೇಳಿದ ಜಾಗಕ್ಕೆ, ಹೇಳಿದ ಸಮಯಕ್ಕೆ ಹೋಗಿ, ಅವರು ಮುಗಿಯಿತು ಎನ್ನುವವರೆಗೆ ಹಗ್ಗಜಗ್ಗಾಟ ಆಡಿದರೂ ಆ ಹೊತ್ತು ನಿಮ್ಮದಾಗಿರಲಿಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2021ರ ಅಕ್ಟೋಬರ್‌ನಲ್ಲಿ ರುಮೇನಿಯಾದ ಪ್ರಕರಣವೊಂದರಲ್ಲಿ ಇದೇ ದಾರಿಯಲ್ಲಿ ತೀರ್ಪು ಕೊಟ್ಟಿತು. ಮಾಲೀಕರು ಕಡ್ಡಾಯ ಮಾಡಿದ ತರಬೇತಿಯು ಮಾಮೂಲಿ ಕೆಲಸದ ಜಾಗದಿಂದ ಹೊರಗೆ, ಮಾಮೂಲಿ ಹೊತ್ತು ಮೀರಿ ನಡೆದಿದ್ದರೂ ಅದು ಕೆಲಸದ ಹೊತ್ತೇ ಎಂದು ಅದು ಹೇಳಿತು. ಅಲ್ಲಿನ 2003ರ ನಿರ್ದೇಶನದ ಪ್ರಕಾರ ನೌಕರರಿಗೆ ಪ್ರತಿ 24 ಗಂಟೆಯಲ್ಲಿ ಸತತ 11 ಗಂಟೆಯ ವಿಶ್ರಾಂತಿ ಸಿಗಬೇಕಾಗಿರುವುದರಿಂದ, ಈ ಲೆಕ್ಕ ಸಂಬಳಕ್ಕೆ ಮಾತ್ರವಲ್ಲ, ನಿದ್ದೆಗೂ ಸಂಬಂಧಿಸಿದ್ದು.

ನನಗೆ ಹೆಚ್ಚು ಇಷ್ಟವಾದದ್ದು ಅಮೆರಿಕದ ನಿಯಮ. ಓವರ್‌ಟೈಮ್ ಹಕ್ಕಿರುವ ನೌಕರರ ಮಟ್ಟಿಗೆ, ಭಾಷಣ, ಸಭೆ, ತರಬೇತಿಗಳಲ್ಲಿ ಕಳೆದ ಹೊತ್ತನ್ನು ಕೆಲಸದ ಲೆಕ್ಕದಿಂದ ಹೊರಗಿಡಬೇಕಾದರೆ ನಾಲ್ಕು ಷರತ್ತುಗಳೂ ಒಟ್ಟಿಗೆ ಪೂರೈಕೆಯಾಗಬೇಕು: ಅದು ಮಾಮೂಲಿ ಹೊತ್ತಿನ ಹೊರಗಿರಬೇಕು, ಹಾಜರಿ ನಿಜವಾಗಿಯೂ ಸ್ವಇಚ್ಛೆಯದಾಗಿರಬೇಕು, ವಿಷಯವು ನೌಕರರ ಕೆಲಸಕ್ಕೆ ನೇರವಾಗಿ ಸಂಬಂಧಿಸಿರಬಾರದು, ಅಲ್ಲಿ ಉತ್ಪಾದಕ ಕೆಲಸವೇನೂ ನಡೆಯಬಾರದು. ಸ್ವಇಚ್ಛೆ ಎಂದರೇನು ಎಂಬುದನ್ನೂ ಆ ನಿಯಮ ಬಿಡಿಸಿ ಹೇಳುತ್ತದೆ. ಮಾಲೀಕರು ಬರಲೇಬೇಕು ಎಂದರೆ ಅದು ಸ್ವಇಚ್ಛೆಯಲ್ಲ, ಸರಿ. ಆದರೆ ಬಾರದೆ ಇದ್ದರೆ ತನ್ನ ಕೆಲಸದ ಸ್ಥಿತಿಗೋ ಕೆಲಸ ಉಳಿಯುವುದಕ್ಕೋ ಕುತ್ತು ಬರುತ್ತದೆ ಎಂದು ನೌಕರನು ನಂಬುವಂತೆ ನಡೆದುಕೊಂಡರೂ ಅದು ಸ್ವಇಚ್ಛೆಯಲ್ಲ. ಈ ಎರಡನೆಯ ಮಾತನ್ನು ಬರೆದವರಿಗೆ ಕಚೇರಿಗಳ ಒಳಗುಟ್ಟು ಚೆನ್ನಾಗಿ ಗೊತ್ತಿದ್ದಿರಬೇಕು.

ಏಕೆಂದರೆ ಕಡ್ಡಾಯ ಎಂಬ ಮಾತನ್ನು ಈಗ ಯಾರೂ ಬರೆಯುವುದಿಲ್ಲ. ನಾನು ನೋಡಿದ ಕೂಟದ ಇಮೇಲ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಮೊದಲ ಸಾಲಿನಲ್ಲಿ ಸಂತೋಷ, ಎರಡನೆಯ ಸಾಲಿನಲ್ಲಿ ಸ್ಥಳ ಮತ್ತು ಸಮಯ, ಕೊನೆಗೆ ‘ಎಲ್ಲರ ಉಪಸ್ಥಿತಿಯನ್ನು ನಿರೀಕ್ಷಿಸಲಾಗಿದೆ’ ಎಂಬ ಮಾತು, ಅದರ ಕೆಳಗೆ ಭರ್ತಿ ಮಾಡಲು ಒಂದು ಫಾರ್ಮ್. ಫಾರ್ಮಿನಲ್ಲಿ ‘ಬರುತ್ತೇನೆ’ ಎಂಬುದರ ಮುಂದೆ ಗುರುತು ಹಾಕಿದರೆ ಕೆಲಸ ಮುಗಿಯಿತು. ‘ಬರುವುದಿಲ್ಲ’ ಎಂಬುದನ್ನು ಒತ್ತಿದ ಕೂಡಲೇ ಕೆಳಗೆ ಇನ್ನೊಂದು ಚೌಕ ತೆರೆದುಕೊಳ್ಳುತ್ತದೆ: ‘ಕಾರಣ’. ಅದರ ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. ಬಾರದಿರುವುದಕ್ಕೆ ಕಾರಣ ಕೊಡಬೇಕಾದ ಕರೆ ಆಹ್ವಾನವಾಗಲಾರದು. ಇನ್ನು ಕೆಲವು ಕಡೆ ಆ ಪಟ್ಟಿ ಮ್ಯಾನೇಜರುಗಳಿಗೆ ಹೋಗುತ್ತದೆ, ಅವರು ಒಬ್ಬೊಬ್ಬರ ಮೇಜಿನ ಬಳಿ ನಿಂತು ‘ಏನ್ರೀ, ಬರ್ತಿಲ್ವಂತೆ?’ ಎಂದು ನಗುತ್ತಾ ಕೇಳುತ್ತಾರೆ. ಅಪ್ರೈಸಲ್ ಬಂದಾಗ ‘ತಂಡದೊಂದಿಗೆ ಇನ್ನಷ್ಟು ಬೆರೆಯಬೇಕು’ ಎಂಬ ಸಾಲೊಂದು ಕಾಣಿಸಿಕೊಳ್ಳುತ್ತದೆ. ಯಾವ ಕೂಟಕ್ಕೆ ಬಾರದ್ದಕ್ಕೆ ಈ ಸಾಲು ಬಂತೆಂದು ಯಾರೂ ಹೇಳುವುದಿಲ್ಲ, ಕೇಳಿದರೆ ಕೂಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುತ್ತಾರೆ.

ಹಾಗೆಂದು ಕೂಟ ಏರ್ಪಡಿಸುವವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಲವರು ಅದನ್ನು ಕೊಡುಗೆ ಎಂದೇ ಪ್ರಾಮಾಣಿಕವಾಗಿ ಭಾವಿಸಿರುತ್ತಾರೆ. ಸಂಸ್ಥೆ ದುಡ್ಡು ಸುರಿದಿದೆ, ಜನ ಯಾಕೆ ಮುಖ ಗಂಟಿಕ್ಕುತ್ತಾರೆ ಎಂದು ಅವರಿಗೆ ಅರ್ಥವಾಗುವುದಿಲ್ಲ. ಹೊಸದಾಗಿ ಸೇರಿದವರಿಗೆ, ದೂರದಿಂದ ಕೆಲಸ ಮಾಡುವವರಿಗೆ ನಾಲ್ಕು ಮುಖಗಳ ಪರಿಚಯವಾಗುವುದು ನಿಜವಾಗಿಯೂ ಉಪಯುಕ್ತ. ಆದರೆ ಕರೆಯುವವರಿಗೂ ಬರುವವರಿಗೂ ಅಲ್ಲಿ ಆಗುವುದು ಒಂದೇ ಅಲ್ಲ. ಮೇಲಿನವರಿಗೆ ಅದು ಮಾತನಾಡುವ ವೇದಿಕೆ, ಕೆಳಗಿನವರಿಗೆ ನಾಲಿಗೆಯನ್ನು ಹಿಡಿತದಲ್ಲಿಟ್ಟುಕೊಂಡು ನಗುತ್ತಾ ಕೂರುವ ಸಂಜೆ. ಮೇಲಧಿಕಾರಿಯ ಎದುರು ಯಾರೂ ಪೂರ್ತಿ ಬಿಡುವಾಗಿ ಇರುವುದಿಲ್ಲ, ಇರಬಾರದು ಕೂಡ.

ಹೊರೆಯೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಒಂಟಿಯಾಗಿರುವ, ಕಚೇರಿಯ ಹತ್ತಿರದಲ್ಲೇ ವಾಸಿಸುವ ಇಪ್ಪತ್ತೈದರ ತರುಣನಿಗೆ ಶನಿವಾರ ಸಂಜೆ ಕಳೆದುಹೋದರೂ ದೊಡ್ಡ ನಷ್ಟವಿಲ್ಲ. ಎಳೆಯ ಮಗುವಿರುವ ತಾಯಿಗೆ ಅದೇ ಸಂಜೆಗೆ ಮಗುವನ್ನು ನೋಡಿಕೊಳ್ಳುವವರನ್ನು ಹುಡುಕಬೇಕು, ಅದಕ್ಕೆ ಕೈಯಿಂದ ದುಡ್ಡು ಕೊಡಬೇಕು. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವವರು, ವಾರಾಂತ್ಯದಲ್ಲಿ ಎರಡನೆಯ ಕೆಲಸ ಮಾಡಿ ಸಾಲ ತೀರಿಸುವವರು, ಕುಡಿಯದವರು, ಜನಜಂಗುಳಿಯಲ್ಲಿ ಉಸಿರುಗಟ್ಟುವವರು, ಇವರೆಲ್ಲರಿಗೂ ಕಾರಣ ಬರೆಯುವ ಆ ಚೌಕ ಮನೆಯ ಸಂಗತಿಯನ್ನು ಕಚೇರಿಗೆ ಒಪ್ಪಿಸುವ ಜಾಗವಾಗುತ್ತದೆ. ನನಗೆ ಹೆಚ್ಚು ಬೇಸರ ತರುವುದು ಇದೇ.

ಫ್ರಾನ್ಸಿನಲ್ಲಿ ಇಂಥದೊಂದು ಪ್ರಕರಣ ದೇಶದ ಉನ್ನತ ನ್ಯಾಯಾಲಯದವರೆಗೆ ಹೋಯಿತು. ಪ್ಯಾರಿಸ್‌ನ ಸಲಹಾ ಸಂಸ್ಥೆಯೊಂದು 2015ರಲ್ಲಿ ನೌಕರನೊಬ್ಬನನ್ನು ತೆಗೆದುಹಾಕಿತ್ತು. ಮೋಜನ್ನು ತನ್ನ ಮೌಲ್ಯವೆಂದು ಸಾರುತ್ತಿದ್ದ ಆ ಸಂಸ್ಥೆಯ ಸೆಮಿನಾರುಗಳಿಗೂ ವಾರದ ಕೊನೆಯ ಮದ್ಯದ ಕೂಟಗಳಿಗೂ ಆತ ಬರುತ್ತಿಲ್ಲವೆಂಬುದು ದೂರುಗಳಲ್ಲಿ ಒಂದು. 2022ರ ನವೆಂಬರ್ 9ರಂದು ನ್ಯಾಯಾಲಯ ಆತನ ಪರವಾಗಿ ನಿಂತು, ಆ ಮೋಜಿಗೆ ಒಪ್ಪದಿರುವುದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದಿತು. ಜರ್ಮನಿಯಲ್ಲಿ ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಕೂಟದಲ್ಲಿ ನೌಕರರಿಗೆ ಅಪಘಾತವಾದರೆ ಶಾಸನಬದ್ಧ ಅಪಘಾತ ವಿಮೆಯ ರಕ್ಷಣೆ ಅವರಿಗಿರುತ್ತದೆ. ಕಾಲು ಮುರಿದರೆ ಕೆಲಸ, ಮುರಿಯದಿದ್ದರೆ ಮೋಜು ಎಂದು ಅಲ್ಲಿ ಹೇಳುವಂತಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ, ನೇಮಕಾತಿ ಪತ್ರದ ಷರತ್ತುಗಳೂ ಬೇರೆ. ಆದ್ದರಿಂದ ಮೊದಲು ನಿಮ್ಮ ಪತ್ರವನ್ನು ತೆಗೆದು ಓದಿ. ಆಮೇಲೆ ಒಂದೇ ಒಂದು ಸಾಲನ್ನು ಬರೆದು ಕೇಳಿ: ‘ಈ ಕಾರ್ಯಕ್ರಮದ ಸಮಯವನ್ನು ಕೆಲಸದ ಸಮಯವೆಂದು ಪರಿಗಣಿಸಲಾಗುವುದೇ? ಹೌದಾದರೆ ಬದಲಿ ರಜೆಯನ್ನು ಯಾವಾಗ ತೆಗೆದುಕೊಳ್ಳಬಹುದು?’ ಕೇಳುವ ದನಿಯಲ್ಲಿ ಜಗಳ ಬೇಡ, ಬಾಯಿಮಾತಿನಲ್ಲಿ ಕೇಳುವುದೂ ಬೇಡ. ಹೌದು ಎಂದರೆ ಹೋಗಿ ಬನ್ನಿ. ಇಲ್ಲ, ಇದು ಐಚ್ಛಿಕ ಎಂದು ಬರೆದು ಕೊಟ್ಟರೆ ಆ ಪತ್ರವನ್ನು ಜೋಪಾನವಾಗಿಟ್ಟುಕೊಂಡು, ಬೇಗನೆ, ಸಭ್ಯವಾಗಿ, ‘ಆ ದಿನ ಬರಲಾಗುತ್ತಿಲ್ಲ’ ಎಂದಷ್ಟೇ ತಿಳಿಸಿ. ಸುಳ್ಳು ಕಾಯಿಲೆ, ಇಲ್ಲದ ಮದುವೆ ಇವುಗಳನ್ನು ಹೇಳಬೇಡಿ. ಮುಂದಿನ ಕೂಟಕ್ಕೆ ಇನ್ನೊಂದು ಸುಳ್ಳು ಬೇಕಾಗುತ್ತದೆ, ಮತ್ತು ಬರದಿರಲು ಕಾರಣ ಬೇಕೆಂಬ ಅವರ ನಂಬಿಕೆಯನ್ನು ನೀವೇ ಗಟ್ಟಿ ಮಾಡಿದಂತಾಗುತ್ತದೆ.

ಪ್ರೊಬೇಷನ್‌ನಲ್ಲಿ ಇರುವವರಿಗೆ ನಾನು ಈ ಸಲಹೆ ಕೊಡುವುದಿಲ್ಲ. ಕೆಲಸ ಖಾಯಂ ಆಗುವವರೆಗೆ ಹೋಗಿ, ಒಂದು ಗಂಟೆ ಇದ್ದು, ನಾಲ್ಕು ಜನರನ್ನು ಮಾತನಾಡಿಸಿ ಹೊರಡಿ. ನ್ಯಾಯ ನಿಮ್ಮ ಕಡೆಗಿದ್ದರೂ ಅದನ್ನು ಸಾಧಿಸುವ ಬಲ ನಿಮ್ಮ ಬಳಿ ಇನ್ನೂ ಇಲ್ಲ. ಮೇಲಿನ ಸಾಲನ್ನು ಕೇಳಬೇಕಾದವರು ಹತ್ತು ವರ್ಷ ಕಳೆದ ಹಿರಿಯರು. ಅವರು ಕೇಳಿ ಪಡೆದ ಉತ್ತರ ಕಿರಿಯರಿಗೂ ಅನ್ವಯಿಸುತ್ತದೆ. ನಾಲ್ಕಾರು ಜನ ಒಟ್ಟಾಗಿ ಸಹಿ ಹಾಕಿ ಕೇಳಿದರೆ ಇನ್ನೂ ಒಳ್ಳೆಯದು.

ಮ್ಯಾನೇಜರುಗಳೂ ನನ್ನನ್ನು ಕೇಳುವುದುಂಟು, ಆದರೆ ಅವರ ಪ್ರಶ್ನೆ ಬೇರೆ: ಕಡ್ಡಾಯ ಮಾಡದಿದ್ದರೆ ಯಾರೂ ಬರುವುದಿಲ್ಲವಲ್ಲ? ಕೆಲಸದ ದಿನದ ಮಧ್ಯಾಹ್ನವೇ ಇಟ್ಟುಕೊಳ್ಳಿ, ಎಲ್ಲರೂ ಬರುತ್ತಾರೆ ಎಂದು ನಾನು ಹೇಳುತ್ತೇನೆ. ಅರ್ಧ ದಿನದ ಕೆಲಸ ಹಾಳಾಗುವುದಿಲ್ಲವೇ ಎಂದು ಅವರು ತಕ್ಷಣ ಕೇಳುತ್ತಾರೆ. ಹಾಳಾಗುತ್ತದೆ, ಅದೇ ಆ ಕೂಟದ ಖರ್ಚು. ಶನಿವಾರಕ್ಕೆ ತಳ್ಳಿದಾಗ ಆ ಖರ್ಚು ಇಲ್ಲವಾಗುವುದಿಲ್ಲ, ನೌಕರರ ತಲೆಯ ಮೇಲೆ ಬೀಳುತ್ತದೆ. ಈ ಮಾತನ್ನು ಒಪ್ಪಿ ಕೂಟವನ್ನು ಶುಕ್ರವಾರದ ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡ ಮ್ಯಾನೇಜರುಗಳು ಕೆಲವರಿದ್ದಾರೆ. ಉಳಿದವರು ಅರ್ಧ ದಿನದ ಲೆಕ್ಕ ಹಾಕಿ ನೋಡಿ, ಶನಿವಾರವೇ ಇರಲಿ ಎಂದರು.