ರಾಗಿಯ ಕಿವಿಟೋಪಿ: ಐದನೆಯದು ಕೊನೆಗೂ ಗೆದ್ದಿತು

ಇವತ್ತು ಬೆಳಿಗ್ಗೆ ನಾನೂ ನಮ್ಮ ಸ್ಪ್ಯಾನಿಯಲ್ ನಾಯಿ ರಾಗಿಯೂ ಅರ್ಧ ಗಂಟೆ ಖಾಲಿ ಸೈಟುಗಳಲ್ಲೆಲ್ಲ ಸುತ್ತಾಡಿ ಬಂದೆವು. ಮನೆಗೆ ಬಂದವನೇ ಅವಳ ಟೋಪಿ ಬಿಚ್ಚಿ, ಬಾಲ್ಕನಿ ಬೆಳಕಿನಲ್ಲಿ ಕಿವಿ ಮಗುಚಿ ನೋಡಿದೆ. ಈಟಿಹುಲ್ಲಿನ ಒಂದು ಬೀಜವೂ ಹೊಕ್ಕಿಲ್ಲ. ಎರಡೂ ಕಿವಿ ಚೊಕ್ಕ. ಸತತ ಒಂಬತ್ತನೇ ದಿನ ಇದು! ಖುಷಿ ತಡೆಯೋಕಾಗದೆ ಬರೆಯಲು ಕೂತಿದ್ದೇನೆ.

ಸ್ಪ್ಯಾನಿಯಲ್ ಸಾಕಿದವರಿಗೆ ಈ ಕಾಟ ಹೊಸದಲ್ಲ. ಮಳೆಗಾಲ ಮುಗಿದು ಹುಲ್ಲು ಒಣಗಿತು ಅಂದರೆ ಬೆಂಗಳೂರಿನ ನಮ್ಮ ತುರಹಳ್ಳಿ ಕಡೆಯ ಲೇಔಟುಗಳಲ್ಲಿ ಈಟಿಹುಲ್ಲಿನದೇ ರಾಜ್ಯ. ಹೋದ ನವೆಂಬರಿನಲ್ಲಿ ರಾಗಿ ವಾಕಿಂಗ್ ಮಧ್ಯೆ ಇದ್ದಕ್ಕಿದ್ದಂತೆ ನಿಂತು ತಲೆ ಕೊಡವತೊಡಗಿದಳು. ಎಡಗಡೆಗೆ ಕತ್ತು ವಾಲಿಸಿಕೊಂಡೇ ಮನೆಗೆ ಬಂದಳು. ಹೊರಗಿನಿಂದ ಏನೂ ಕಾಣಲಿಲ್ಲ. ಕಾಣುವುದೂ ಇಲ್ಲ. ನಾಯಿಯ ಕಿವಿಯ ಓಣಿ ನೆಟ್ಟಗೆ ಕೆಳಗಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿಯ ತಮಟೆ ಇರುವುದು ಆ ತಿರುವಿನ ಆಚೆ. ಡಾಕ್ಟರು ಮಂಪರು ಬರುವ ಇಂಜೆಕ್ಷನ್ ಕೊಟ್ಟು, ದೀಪದ ಕೊಳವೆ ಇಟ್ಟು, ಉದ್ದ ಚಿಮಟದಲ್ಲಿ ಬೀಜ ಎಳೆದರು. ಅದು ತಮಟೆಗೆ ತಾಗಿಕೊಂಡೇ ಇತ್ತಂತೆ. ‘ಮನೇಲಿ ಎಣ್ಣೆ, ಬಡ್ಸು ಏನೂ ಹಾಕಲಿಲ್ಲ ತಾನೇ?’ ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಹಾಕಿರಲಿಲ್ಲ, ಪುಣ್ಯ. ಬಡ್ಸು ಬೀಜವನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ತಮಟೆ ತೂತಾಗಿದ್ದರೆ ಹಾಕಿದ ಔಷಧಿಯೇ ಒಳಕಿವಿಗೆ ಇಳಿದು ಕೆಡುಕು ಮಾಡಬಹುದು. ತಲೆ ಕೊಡವುವುದು ನಿಲ್ಲಲಿಲ್ಲ ಅಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಅವತ್ತಿನಿಂದ ಶುರುವಾಗಿದ್ದು ಈ ಟೋಪಿ. ಅಳತೆ, ಕಟಿಂಗ್ ಕಷ್ಟವಲ್ಲ. ಎರಡೂ ಕಡೆ ಬಾಯಿ ಇರುವ ಬಟ್ಟೆಯ ಕೊಳವೆ, ಹಿಂದೆ ಮುಂದೆ ಎಲಾಸ್ಟಿಕ್, ಎರಡು ಬೆರಳು ತೂರುವಷ್ಟು ಸಡಿಲ. ನನ್ನನ್ನು ಒಂದು ವರ್ಷ ಸತಾಯಿಸಿದ್ದು ಬಟ್ಟೆ.

ಒಂದನೆಯದು ಹತ್ತಿ ಬಟ್ಟೆ. ಬೀಜಗಳು ಅದಕ್ಕೆ ಸೂಜಿಯ ಹಾಗೆ ಚುಚ್ಚಿಕೊಂಡು ಆಚೆ ತುದಿ ಕಂಡವು. ಎರಡನೆಯದು ಹಳೇ ಸ್ವೆಟರು. ಅದರ ಕಥೆ ಕೇಳಲೇಬೇಡಿ. ಮೂರನೆಯದು ಸೊಳ್ಳೆಪರದೆ, ಗಾಳಿಯಾಡಲಿ ಅಂತ. ಪರದೆಯ ಪ್ರತಿ ತೂತಿಗೂ ಒಂದೊಂದು ಬೀಜ ಸಿಕ್ಕಿಕೊಂಡಿತು, ಮತ್ತೆ ನಿಧಾನವಾಗಿ ಒಳಕ್ಕೆ ನಡೆಯಿತು.

‘ನಡೆಯಿತು’ ಅಂದದ್ದು ಸುಮ್ನೆ ಅಲ್ಲ. ಒಂದು ಬೀಜ ತೆಗೆದುಕೊಂಡು ಹತ್ತಿರದಿಂದ ನೋಡಿ. ಮೂತಿ ಸೂಜಿಯಷ್ಟು ಚೂಪು. ಅದರ ಸುತ್ತ ಹಿಂದಕ್ಕೆ ಬಾಗಿದ ಕಂದು ರೋಮ. ಹಿಂದುಗಡೆ ಕಪ್ಪಗಿನ ಉದ್ದ ಬಾಲ, ನಡುವೆ ಮೊಣಕೈ ಹಾಗೆ ಮಡಿಕೆ. ಎರಡು ಬೆರಳ ಮಧ್ಯೆ ಇಟ್ಟು ತೀಡಿದರೆ ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದೇ ಇಲ್ಲ. ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಬಾಲ ತಿರುಗತೊಡಗಿತು, ಗಡಿಯಾರದ ಮುಳ್ಳಿನ ಹಾಗೆ! ಒಣಗಿದಾಗ ಹುರಿ ಹಾಕಿಕೊಳ್ಳುತ್ತದೆ, ನೆಂದಾಗ ಹುರಿ ಬಿಚ್ಚುತ್ತದೆ. ಬೀಜ ತಾನೇ ಮಣ್ಣೊಳಗೆ ಹೂತುಕೊಳ್ಳುವ ಉಪಾಯ ಅದು. ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್ 1876ರಲ್ಲೇ ಇಂಥ ಬೀಜಗಳ ಬಗ್ಗೆ ಬರೆದಿದ್ದಾರೆ. ಬೆಳಗಿನ ಇಬ್ಬನಿಯಲ್ಲಿ ನೆಂದು, ಎಂಟರ ಹೊತ್ತಿನ ಬಿಸಿಲಿಗೆ ಒಣಗಿದರೆ ಕಿವಿಯ ಕೂದಲಲ್ಲೂ ಅದೇ ಕೆಲಸ ಅಲ್ವಾ?

ಇಷ್ಟು ಗೊತ್ತಾದ ಮೇಲೆ ಬಟ್ಟೆಗಳ ತುಂಡುಗಳನ್ನು ಸಾಲಾಗಿ ಹಾಸಿ, ಒಂದೊಂದರ ಮೇಲೂ ಐದೈದು ಬೀಜ ಉಜ್ಜಿ, ನೀರು ಚಿಮುಕಿಸಿ ಕಾದೆ. ಒಂದೂ ಹಿಡಿಯದೆ ಜಾರಿದ್ದು ಕೊಡೆ ಬಟ್ಟೆಯ ಮೇಲೆ ಮಾತ್ರ. ನೇಯ್ಗೆ ಅಷ್ಟು ಬಿಗಿ, ಅಷ್ಟು ನುಣುಪು.

ಚಿಕ್ಕಪೇಟೆಗೆ ಹೋದರೆ ಅಂಗಡಿಯವರು ಬಟ್ಟೆಯ ಇಡೀ ಸುರುಳಿಯನ್ನೇ ತಗೊಳ್ಳಿ ಅಂದರು. ನನಗೆ ಬೇಕಿದ್ದು ಅರ್ಧ ಮೀಟರ್! ಆನ್‌ಲೈನಲ್ಲಿ ‘ಮೆತ್ತನೆಯದು’ ಅಂತ ತರಿಸಿದ ಎಲಾಸ್ಟಿಕ್ಕೋ, ಟೈರಿನ ಹಾಗೆ ಬಂತು. ವಾಪಸ್ ತಗೊಳ್ಳಲ್ಲ ಅಂದರು. ಕೊನೆಗೆ ಕಾಪಾಡಿದ್ದು ನಮ್ಮ ಬಸ್‌ಸ್ಟಾಪ್ ಹತ್ತಿರ ಕೊಡೆ ರಿಪೇರಿ ಮಾಡುವ ತಾತ. ಕಡ್ಡಿ ಮುರಿದ ಕೊಡೆ 20 ರೂಪಾಯಿಗೆ ಒಂದರಂತೆ ಕೊಟ್ಟರು. ಎಂಟು ಎಸಳಿನ ಒಂದು ಕೊಡೆಯಲ್ಲಿ ಎರಡು ಟೋಪಿ ಆಗುತ್ತದೆ. ಗುಂಡುಪಿನ್ನು ಮಾತ್ರ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು.

ಆದರೂ ನಾಲ್ಕನೆಯದು ಸೋತಿತು. ಬಟ್ಟೆ ಜಾರಿಸಿದ ಬೀಜಗಳೆಲ್ಲ ಹೋಗಿ ಗಲ್ಲದ ಕೆಳಗಿನ ವೆಲ್ಕ್ರೋದಲ್ಲಿ ಕೂತಿದ್ದವು. ಕೂರದೆ ಇರುತ್ತವಾ? 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಅದನ್ನು ಯೋಚಿಸಿದ್ದೇ ತಮ್ಮ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ. ಉಳಿದವು ಹೊಲಿಗೆಯ ಅಂಚಿನಲ್ಲಿ, ದಾರದ ಮಧ್ಯೆ. ಎರಡು ರಾತ್ರಿ ಕೂತು ಎಲ್ಲ ಬಿಚ್ಚಿದೆ. ಐದನೆಯದರಲ್ಲಿ ವೆಲ್ಕ್ರೋ ಇಲ್ಲ, ಟಿಚ್ ಬಟನ್. ಅಂಚುಗಳನ್ನೆಲ್ಲ ಒಳಕ್ಕೆ ಮಡಿಚಿ ಎರಡು ಸಲ ಹೊಲಿದಿದ್ದೇನೆ. ಹೊರಗೆ ಒಂದು ದಾರವೂ ಕಾಣುವುದಿಲ್ಲ. ಜೊತೆಗೆ ಕಿವಿಯ ಒಳಮೈ ಕೂದಲನ್ನು ಗ್ರೂಮರ್ ಹತ್ತಿರ ಗಿಡ್ಡ ಮಾಡಿಸಿದೆ. ಇದನ್ನು ಮೊದಲೇ ಮಾಡಿಸಬೇಕಿತ್ತು. ಟೋಪಿ ಇರಲಿ ಬಿಡಲಿ, ಇದೊಂದು ಮಾಡಿಸಿ.

ಕೊಡೆ ಬಟ್ಟೆಯೊಳಗೆ ಗಾಳಿ ಆಡುವುದಿಲ್ಲ. ಇವಳ ಜೋಲುಕಿವಿ ಮೊದಲೇ ಬೇಗ ತೇವವಾಗುತ್ತದೆ. ಅದಕ್ಕೇ ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ಮಾತ್ರ. ಮನೆ ಬಾಗಿಲಲ್ಲೇ ಬಿಚ್ಚುತ್ತೇನೆ. ಕಪ್ಪು ಟೋಪಿ ಹಾಕಿಕೊಂಡು ಹೊರಟರೆ ಅಮ್ಮ ‘ನೋಡೋ, ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೊರಟ ಹಾಗಿದ್ದಾಳೆ’ ಅಂತ ನಗುತ್ತಾರೆ. ಅಮ್ಮ ಮಲೆನಾಡಿನ ತೀರ್ಥಹಳ್ಳಿಯವರು; ಕೊಪ್ಪೆ ಅಂದರೆ ಅಲ್ಲಿ ಮಳೆಗೆ ತಲೆ ಮೇಲಿಂದ ಹೊದೆಯುವ ಕಂಬಳಿ.

ಮುಂದಿನದು ಪಾದ. ಬೆರಳ ಸಂದಿಯಲ್ಲೂ ಇದೇ ಬೀಜ ಹೊಕ್ಕು ಗಂಟು ಕಟ್ಟುತ್ತದೆ, ಕೀವಾಗುತ್ತದೆ. ತಳಕ್ಕೆ ಹಳೇ ಸೈಕಲ್ ಟ್ಯೂಬು, ಮೇಲಕ್ಕೆ ಇದೇ ಕೊಡೆ ಬಟ್ಟೆ ಅಂದುಕೊಂಡಿದ್ದೇನೆ. ನಾಯಿ ಬೆವರುವುದು ಪಾದದಲ್ಲೇ ಆದ್ದರಿಂದ ಗಾಳಿಯ ತಲೆನೋವು ಅಲ್ಲೂ ಇದೆ. ಕಾಗದದ ಮೇಲೆ ನಾಲ್ಕೂ ಪಾದದ ಅಚ್ಚು ತೆಗೆದಿಟ್ಟಿದ್ದೇನೆ. ಮುಂಗಾಲು ಹಿಂಗಾಲಿಗಿಂತ ಅರ್ಧ ಸೆಂಟಿಮೀಟರ್ ಅಗಲ ಬಂತು. ಹಾಗಾಗಿ ಎರಡು ಅಳತೆಯಲ್ಲಿ ಹೊಲಿಯಬೇಕು. ಭಾನುವಾರ ತಾತನ ಹತ್ತಿರ ಇನ್ನೆರಡು ಕೊಡೆ ತರುತ್ತೇನೆ.