ಅಯಸ್ಕಾಂತ ಅಂಟಲಿಲ್ಲ

ಕಾರು ಕೊಳ್ಳುವ ಮುನ್ನ ಕಾರಿನ ಹುಚ್ಚಿರುವ ಇಬ್ಬರು ಗೆಳೆಯರನ್ನು ಒಟ್ಟಿಗೆ ಕೇಳಬಾರದು. ನಾನು ಕೇಳಿದೆ. ಒಬ್ಬನ ಪ್ರಕಾರ 300 ಅಶ್ವಶಕ್ತಿಗಿಂತ ಕಡಿಮೆಯದ್ದೆಲ್ಲ ತರಕಾರಿ ತರುವ ಗಾಡಿ. ಇನ್ನೊಬ್ಬ ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಸಾಧನ) ಎಂದರೇ ಮುಖ ಸಿಂಡರಿಸುತ್ತಾನೆ; ಅವನಿಗೆ ತೂಕ ಕಡಿಮೆಯಿರಬೇಕು, ಗೇರನ್ನು ಕೈಯಲ್ಲೇ ಹಾಕಬೇಕು. ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ನನ್ನ ಜೊತೆ ಹೊರಟರು. ಅಭಿಪ್ರಾಯ ಅವರದು, ಹಣ ನನ್ನದು.

ಮೊದಲು ಓಡಿಸಿದ್ದು ಟರ್ಬೋ ಪಂಥದವನು ಆರಿಸಿದ ಹ್ಯಾಚ್‌ಬ್ಯಾಕ್. ಎರಡನೇ ಗೇರಿನಲ್ಲಿ ಪೆಡಲ್ ಒತ್ತಿದೆ. ಅರೆಕ್ಷಣ ಏನೂ ಇಲ್ಲ. ಆಮೇಲೆ ಬೆನ್ನು ಸೀಟಿಗೆ ಅಂಟಿತು, ಅಷ್ಟೂ ಶಕ್ತಿಯನ್ನು ಮುಂದಿನ ಚಕ್ರಗಳೇ ಹೊರಬೇಕಾಗಿ ಸ್ಟಿಯರಿಂಗ್ ಕೈಯಲ್ಲಿ ಅತ್ತಿತ್ತ ಜಗ್ಗಿತು. ನಿಜಕ್ಕೂ ಮಜವಾಗಿತ್ತು. ಆದರೆ ಮೂರನೇ ಗೇರಿಗೆ ಬರುವಷ್ಟರಲ್ಲಿ ವೇಗದ ಮಿತಿ ಬಂದುಬಿಟ್ಟಿತು. ಉಳಿದ ದಾರಿಯುದ್ದಕ್ಕೂ ನಾನು ಮಾಡಿದ್ದು ಕಾಲನ್ನು ಹಿಡಿದಿಟ್ಟುಕೊಳ್ಳುವ ಕೆಲಸ.

ಎರಡನೆಯದು ಮೊದಲ ಪೀಳಿಗೆಯ ಮಜ್ದಾ ಎಂಎಕ್ಸ್-5, 1989ರಲ್ಲಿ ಬಂದ, ಛಾವಣಿ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. 1.6 ಲೀಟರ್ ಎಂಜಿನ್, 115ರ ಆಸುಪಾಸಿನ ಅಶ್ವಶಕ್ತಿ, ಒಂದು ಟನ್ನಿಗೂ ಕಡಿಮೆ ತೂಕ. ಕಾಗದದ ಮೇಲೆ ಹ್ಯಾಚ್‌ಬ್ಯಾಕಿನ ಧೂಳು ಕುಡಿಯಬೇಕಾದ ಕಾರು. ಗೇರಿನ ಕೋಲು ಮಣಿಕಟ್ಟು ತಿರುಗಿಸಿದರೆ ಸಾಕು, ಟಕ್ಕೆಂದು ಕೂರುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನನ್ನು ನಿಮಿಷಕ್ಕೆ 7000 ಸುತ್ತಿನವರೆಗೂ ಚೀರಿಸಿದೆ. ಆದರೂ ವೇಗದ ಮಿತಿ ಮೀರಿದೆನೆಂದು ಯಾರೂ ನನಗೆ ದಂಡ ಹಾಕುವಂತಿರಲಿಲ್ಲ. ಸಾಧಾರಣ ತಿರುವೊಂದು ಇನ್ನಷ್ಟು ಉದ್ದವಿರಬಾರದಿತ್ತೇ ಎನ್ನಿಸಿದ್ದು ಅದೇ ಮೊದಲು. ಇಳಿಯುವಾಗಲೇ ನಿರ್ಧರಿಸಿದ್ದೆ: ಇದೇ.

ಈ ಕಾರಿನ ಪರ ವಾದಿಸಿದವನು ಮಾತ್ರ ಕುಣಿಯಲಿಲ್ಲ. ನಾವು ಬಂದ ಕೂಡಲೇ ಬಾನೆಟ್ ಮುಟ್ಟಿ ನೋಡಿದ್ದನಂತೆ, ಆಗಲೇ ಬೆಚ್ಚಗಿತ್ತು. ಮಾಲೀಕರು ಮೊದಲೇ ಎಂಜಿನ್ ಕಾಯಿಸಿಟ್ಟಿದ್ದರು. ತಣ್ಣಗಿದ್ದಾಗ ಅದು ಕೆಮ್ಮುತ್ತದೋ ಹೊಗೆಯುಗುಳುತ್ತದೋ ತಿಳಿಯುವಂತಿರಲಿಲ್ಲ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ತೋರಿಸಿದ: 1211. ಎಂದರೆ 2011ರ ಹನ್ನೆರಡನೇ ವಾರ ತಯಾರಾದ ಹಳೇ ರಬ್ಬರ್. ಆಮೇಲೆ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು, ಮಂಡಿಯೂರಿ, ಬಾಗಿಲ ಕೆಳಗಿನ ತಗಡಿಗೆ ಹಿಡಿದ. ಮುಂದಿನ ಭಾಗದಲ್ಲಿ ಅಂಟಿತು. ಹಿಂದಿನ ಚಕ್ರದ ಹತ್ತಿರ ಜಾರಿ ಅವನ ಅಂಗೈಗೆ ಬಿತ್ತು. ಇನ್ನೊಮ್ಮೆ ಹಿಡಿದ, ಇನ್ನೊಮ್ಮೆ ಬಿತ್ತು. ಮಡಚುವ ಛಾವಣಿಯ ಮಳೆನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಈ ಕಾರುಗಳು ತುಕ್ಕು ಹಿಡಿದು ಕೊಳೆಯುವುದು ಅಲ್ಲಿಂದಲೇ. ಹೊಳೆಯುವ ಕೆಂಪು ಬಣ್ಣದ ಕೆಳಗೆ ತಗಡಿರಲಿಲ್ಲ, ಪುಟ್ಟಿ ಇತ್ತು.

ಮಾಲೀಕರು ಬೆಲೆ ಇಳಿಸಲು ಸಿದ್ಧರಿದ್ದರು. ನಾನೂ ಕ್ಷಣಕಾಲ ಮೆತ್ತಗಾದೆ, ಸುಳ್ಳೇಕೆ ಹೇಳಲಿ. ಗೆಳೆಯ ತೋಳು ಹಿಡಿದು ಎಳೆದುಕೊಂಡು ಬಂದ.

“ಕೊಳ್ಳುವವರೆಗೆ ಇದು ನಿನ್ನ ಹತ್ತಿರ ಇರಲಿ” ಎಂದು ಅಯಸ್ಕಾಂತವನ್ನು ನನಗೇ ಕೊಟ್ಟ. ಸದ್ಯಕ್ಕೆ ಅದು ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಅಲ್ಲಿ ಚೆನ್ನಾಗಿಯೇ ಅಂಟಿಕೊಳ್ಳುತ್ತದೆ.