ಇಪ್ಪತ್ತು ಬಟಾಣಿಗಳ ಉಸಿರಿನ ಲೆಕ್ಕ

ದಿನ 1

ಆಹಾರದಲ್ಲಿ ಅಡಗಿರುವ ಶಕ್ತಿಯನ್ನು ಜೀವಕೋಶಗಳು ಉಸಿರಾಟದ ಮೂಲಕ ಬಿಡುಗಡೆ ಮಾಡುತ್ತವೆ ಎಂಬ ವಾಕ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನೇ ಹೊರತು, ಆ ಶಕ್ತಿ ಎಷ್ಟು ಎಂದು ಅಳೆದು ನೋಡುವ ಯೋಚನೆ ಈವರೆಗೆ ಬಂದಿರಲಿಲ್ಲ. ಮೊಳಕೆಯೊಡೆದ ಬಟಾಣಿ ಹೀರುವ ಆಮ್ಲಜನಕವನ್ನು ಒಂದು ಕಡೆ, ಅದೇ ಬಟಾಣಿ ಹೊರಹಾಕುವ ಶಾಖವನ್ನು ಇನ್ನೊಂದು ಕಡೆ ಅಳೆದು, ಎರಡು ಲೆಕ್ಕಗಳೂ ತಾಳೆಯಾಗುತ್ತವೆಯೇ ಎಂದು ನೋಡುವುದು ಈ ಪ್ರಯೋಗದ ಗುರಿ.

ಯೋಚನೆ ನನ್ನದೇನಲ್ಲ. 1780ರ ದಶಕದ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲಾವಾಸಿಯೇ ಮತ್ತು ಲಾಪ್ಲಾಸ್ ಗಿನಿ ಇಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ, ಅದು ಬಿಟ್ಟ ಅನಿಲದಷ್ಟೇ ಅನಿಲ ಇದ್ದಿಲು ಸುಟ್ಟಾಗ ಬರುವುದಾದರೆ ಎಷ್ಟು ಮಂಜು ಕರಗಬೇಕು ಎಂದು ಹೋಲಿಸಿ, ಉಸಿರಾಟವೂ ಒಂದು ಬಗೆಯ ನಿಧಾನವಾದ ದಹನವೇ ಎಂಬ ತೀರ್ಮಾನಕ್ಕೆ ಬಂದಿದ್ದರು. ಅವರ ಲೆಕ್ಕವೂ ಸರಿಯಾಗಿ ಕೂಡಲಿಲ್ಲ. ಇಲಿ ಕರಗಿಸಿದ ಮಂಜು ಲೆಕ್ಕಕ್ಕಿಂತ ಹೆಚ್ಚೇ ಆಗಿತ್ತು. ಇದನ್ನು ಮೊದಲೇ ಓದಿಕೊಂಡದ್ದರಿಂದ ನನಗೆ ತುಸು ಧೈರ್ಯ ಬಂದಿತ್ತೆನ್ನಬೇಕು.

ಉಪಕರಣ ಸರಳವಾದುದು. ಅಗಲ ಬಾಯಿಯ ಗಾಜಿನ ಪ್ರನಾಳದ ತಳದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿದ ಹತ್ತಿ, ಕ್ಷಾರ ಕಾಳಿಗೆ ತಗಲದಂತೆ ಅದರ ಮೇಲೆ ಒಣಹತ್ತಿಯ ಪದರ, ಆಮೇಲೆ ಇಪ್ಪತ್ತು ಕಾಳು, ಬಾಯಿಗೆ ರಬ್ಬರ್ ಬಿರಡೆ. ಬಿರಡೆಯ ತೂತಿನೊಳಗೆ ನೂರು ಗೀರುಗಳಿರುವ 1 ಮಿಲಿಲೀಟರಿನ ಪಿಪೆಟ್ಟನ್ನು ತೂರಿಸಿ, ಇಡೀ ಪ್ರನಾಳವನ್ನು ನೀರಿನ ತಟ್ಟೆಯಲ್ಲಿ ಅಡ್ಡ ಮಲಗಿಸಿ, ಪಿಪೆಟ್ಟಿನ ತುದಿಯಲ್ಲಿ ಬಣ್ಣದ ನೀರಿನ ಒಂದು ಹನಿ ಬಿಟ್ಟಿದ್ದೇನೆ. ಕಾಳು ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಅದು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೈಡ್ರಾಕ್ಸೈಡ್ ಹೀರಿ ಕಾರ್ಬೊನೇಟ್ ಮಾಡಿಕೊಳ್ಳುತ್ತದೆ, ಒಳಗಿನ ಗಾಳಿ ಕುಗ್ಗಿದಷ್ಟು ಹನಿ ಒಳಕ್ಕೆ ಸರಿಯುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವಾದ್ದರಿಂದ ಕೈಗವಸು, ಕನ್ನಡಕ ಇಲ್ಲದೆ ಅದರ ಸೀಸೆಯ ಮುಚ್ಚಳವನ್ನೂ ತೆಗೆಯಬಾರದು.

ದಿನ 2

ಕಾಳು ಹಾಕದೆಯೇ ಉಪಕರಣವನ್ನು ಪರೀಕ್ಷಿಸಿದೆ. ಪ್ರನಾಳವನ್ನು ಕೈಯಲ್ಲಿ ಹಿಡಿದು ತಟ್ಟೆಯೊಳಗೆ ಇಡುವಷ್ಟರಲ್ಲಿ ಹನಿ ಹೊರಕ್ಕೆ ಹತ್ತು ಗೀರು ಓಡಿ, ನೀರಿನಲ್ಲಿ ತಣಿದ ಮೇಲೆ ಹಾಗೆಯೇ ವಾಪಸು ಬಂತು. ಪ್ರನಾಳದಲ್ಲಿ ಸುಮಾರು 30 ಮಿಲಿಲೀಟರ್ ಗಾಳಿ ಇದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಅದು 0.1 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಅಂಗೈಯ ಬಿಸಿಯೇ ಇಷ್ಟು ಮಾಡುವುದಾದರೆ, ಕಿಟಕಿಯಿಂದ ಬಿಸಿಲು ಬಿದ್ದು ನೀರು ಕಾದರೆ ಬಟಾಣಿ ಉಸಿರಾಡುವುದನ್ನೇ ನಿಲ್ಲಿಸಿದಂತೆ ಕಾಣಬಹುದು. ಆದ್ದರಿಂದ ಕಾಳಿನಷ್ಟೇ ಗಾತ್ರದ ಗಾಜಿನ ಮಣಿಗಳನ್ನು ತುಂಬಿದ ಎರಡನೆಯ ಪ್ರನಾಳವನ್ನು ಪಕ್ಕದಲ್ಲೇ ಮುಳುಗಿಸಿಟ್ಟು, ಅದರ ಹನಿ ಎಷ್ಟು ಅಲುಗುತ್ತದೆಯೋ ಅಷ್ಟನ್ನು ಕಾಳಿನ ಪ್ರನಾಳದ ಅಳತೆಯಿಂದ ಕಳೆಯುವ ಕ್ರಮ ಹಾಕಿಕೊಂಡೆ. ಬಿರಡೆಯ ಸುತ್ತ ವ್ಯಾಸಲಿನ್ ಬಳಿದದ್ದೂ ಇದೇ ದಿನ. ರಾತ್ರಿ ಬಟಾಣಿ ನೆನೆಹಾಕಿದೆ.

ದಿನ 3

ಇವತ್ತಿನ ಫಲಿತಾಂಶವನ್ನು ನಾನು ನಿರೀಕ್ಷಿಸಿರಲಿಲ್ಲ. ರಾತ್ರಿಯಿಡೀ ನೆನೆದು ಉಬ್ಬಿದ, ಆದರೆ ಸಿಪ್ಪೆ ಇನ್ನೂ ಬಿರಿಯದ ಕಾಳುಗಳನ್ನು ಹೈಡ್ರಾಕ್ಸೈಡ್ ಇಲ್ಲದ ಪ್ರನಾಳಕ್ಕೆ ಹಾಕಿದ್ದೆ. ಪಿಷ್ಟ ಮತ್ತು ಸಕ್ಕರೆಯನ್ನು ಉರಿಸುವ ಜೀವಿ ಹೀರುವ ಆಮ್ಲಜನಕಕ್ಕೂ ಬಿಡುವ ಇಂಗಾಲದ ಡೈಆಕ್ಸೈಡಿಗೂ ಗಾತ್ರದಲ್ಲಿ ವ್ಯತ್ಯಾಸ ಇರುವುದಿಲ್ಲ, ಒಂದು ಗ್ಲೂಕೋಸ್ ಅಣುವಿಗೆ ಆರು ಒಳಕ್ಕೆ, ಆರು ಹೊರಕ್ಕೆ; ಹಾಗಾಗಿ ಹನಿ ಇದ್ದಲ್ಲೇ ಇರಬೇಕಿತ್ತು. ಅದು ನಿಧಾನವಾಗಿ, ಬಿಡದೆ, ಹೊರಕ್ಕೆ ಸರಿಯಿತು. ಮಣಿಗಳ ಹನಿ ಅಲುಗಲೂ ಇಲ್ಲ.

ಕಾರಣ ಸಿಪ್ಪೆಯಲ್ಲಿದೆ. ನೆನೆದ ಸಿಪ್ಪೆ ಬಿರಿಯುವ ತನಕ ಆಮ್ಲಜನಕವನ್ನು ಸಾಕಷ್ಟು ಒಳಬಿಡುವುದಿಲ್ಲ, ಒಳಗಿನ ಕೋಶಗಳಾದರೋ ಆಗಲೇ ಎಚ್ಚೆತ್ತು ಕೆಲಸ ಶುರು ಮಾಡಿರುತ್ತವೆ. ಗ್ಲೂಕೋಸ್ ಒಡೆಯುವ ಮೊದಲ ಘಟ್ಟವಾದ ಗ್ಲೈಕಾಲಿಸಿಸ್‌ಗೆ ಆಮ್ಲಜನಕ ಬೇಕಿಲ್ಲ. ಕೋಶರಸದಲ್ಲೇ ನಡೆಯುವ ಹತ್ತು ಹೆಜ್ಜೆಗಳಲ್ಲಿ ಆರು ಇಂಗಾಲದ ಗ್ಲೂಕೋಸ್ ಮೂರು ಇಂಗಾಲದ ಎರಡು ಪೈರುವೇಟ್‌ಗಳಾಗುತ್ತದೆ, ಖರ್ಚು ಕಳೆದು ಎರಡು ಎಟಿಪಿ, ಅಂದರೆ ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣುಗಳು, ಉಳಿಯುತ್ತವೆ, ಜೊತೆಗೆ ಎಲೆಕ್ಟ್ರಾನ್ ಹೊರುವ ಎನ್‌ಎಡಿ ಎಂಬ ಅಣುಗಳು ಹೊರೆ ತುಂಬಿಕೊಂಡು ನಿಲ್ಲುತ್ತವೆ. ತೊಡಕು ಬರುವುದು ಇಲ್ಲಿ. ಈ ಹೊರೆಯಾಳುಗಳು ಬರಿದಾಗಿ ಮರಳದಿದ್ದರೆ ಗ್ಲೈಕಾಲಿಸಿಸ್ ಕೂಡ ನಿಂತುಹೋಗುತ್ತದೆ. ಆಮ್ಲಜನಕ ಇಲ್ಲದಾಗ ಕೋಶವು ಪೈರುವೇಟಿನಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿ, ಉಳಿದದ್ದರ ಮೇಲೆ ಆ ಹೊರೆಯನ್ನು ಇಳಿಸಿ, ಎಥೆನಾಲ್ ಮಾಡಿ ಕೈತೊಳೆದುಕೊಳ್ಳುತ್ತದೆ. ಯೀಸ್ಟ್ ಮಾಡುವುದೂ ಇದನ್ನೇ. ಇದಕ್ಕೆ ಜೀವಂತ ಕೋಶವೂ ಬೇಕಿಲ್ಲ, ಕೋಶದೊಳಗಿನ ಕಿಣ್ವಗಳಿದ್ದರೆ ಸಾಕು ಎಂದು 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ ರಸದಿಂದಲೇ ತೋರಿಸಿದ್ದರು. ನನ್ನ ಹನಿಯನ್ನು ಹೊರಕ್ಕೆ ತಳ್ಳಿದ್ದು ಈ ಹುದುಗಿನ ಅನಿಲ.

ದಿನ 5

ಸಿಪ್ಪೆ ಬಿರಿದು ಬೇರು ಒಂದು ಸೆಂಟಿಮೀಟರ್ ಚಾಚಿದೆ. ಹೈಡ್ರಾಕ್ಸೈಡ್ ಇಲ್ಲದ ಪ್ರನಾಳದಲ್ಲಿ ಹನಿ ಈಗ ನಿಂತಲ್ಲೇ ನಿಂತಿದೆ. ಹೈಡ್ರಾಕ್ಸೈಡ್ ಇರುವ ಪ್ರನಾಳದಲ್ಲಿ ಅದು ಕಣ್ಣಿಗೆ ಕಾಣುವಂತೆ ಒಳಕ್ಕೆ ನಡೆಯುತ್ತದೆ. ದೃಷ್ಟಿಯಿಟ್ಟು ಕೂತರೆ ಒಂದು ಗೀರಿನಿಂದ ಮುಂದಿನ ಗೀರಿಗೆ ದಾಟಲು ಹದಿನೈದು ಸೆಕೆಂಡು ಹಿಡಿಯುತ್ತದೆ. ಮೂರು ಸಲ ಅಳೆದೆ. 25 ಡಿಗ್ರಿಯಲ್ಲಿ, ಮಣಿಗಳ ಅಳತೆ ಕಳೆದ ಮೇಲೆ, ಇಪ್ಪತ್ತು ಕಾಳು ಇಪ್ಪತ್ತು ನಿಮಿಷದಲ್ಲಿ ಸರಾಸರಿ 0.8 ಮಿಲಿಲೀಟರ್ ಆಮ್ಲಜನಕ ಹೀರಿದವು. ನೆನೆಸದ ಒಣಕಾಳುಗಳ ಪ್ರನಾಳದಲ್ಲಿ ಹನಿ ಅಲುಗಿದ್ದು ಓದಲಾರದಷ್ಟು ಕಡಿಮೆ.

ಅಲುಗದೆ ನಿಂತ ಆ ಹನಿಯ ಹಿಂದೆ ಒಂದು ಸ್ವಾರಸ್ಯವಿದೆ. ಒಳಹೋದ ಆಮ್ಲಜನಕವೇ ಇಂಗಾಲದ ಜೊತೆ ಸೇರಿ ಹೊರಬಂದಿತು ಎಂದು ನಾನು ಬಹಳ ಕಾಲ ತಿಳಿದುಕೊಂಡಿದ್ದೆ, ಅದು ತಪ್ಪು. ಆಮ್ಲಜನಕ ದೊರೆತಾಗ ಪೈರುವೇಟ್ ಕೋಶದೊಳಗಿನ ಶಕ್ತಿ ಕೇಂದ್ರವಾದ ಮೈಟೋಕಾಂಡ್ರಿಯದೊಳಗೆ ಹೋಗಿ, ಒಂದು ಇಂಗಾಲವನ್ನು ಅನಿಲವಾಗಿ ಬಿಟ್ಟು, ಉಳಿದ ಎರಡನ್ನು 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಗುರುತಿಸಿದ ಚಕ್ರಕ್ಕೆ ಒಪ್ಪಿಸುತ್ತದೆ. ಆ ಚಕ್ರದ ಸುತ್ತಿನಲ್ಲಿ ಮತ್ತೆರಡು ಇಂಗಾಲದ ಡೈಆಕ್ಸೈಡ್‌ಗಳು ಹೊರಬೀಳುತ್ತವೆ. ಇಷ್ಟರಲ್ಲಿ ಎಲ್ಲಿಯೂ ಗಾಳಿಯ ಆಮ್ಲಜನಕ ನೇರವಾಗಿ ಕೈ ಹಾಕಿಲ್ಲ. ಅದು ಕಾದು ನಿಂತಿರುವುದು ಮೈಟೋಕಾಂಡ್ರಿಯದ ಒಳಪೊರೆಯಲ್ಲಿ, ಎಲೆಕ್ಟ್ರಾನುಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಇಳಿದುಬರುವ ಸರಪಳಿಯ ಕಟ್ಟಕಡೆಯಲ್ಲಿ. ಅಲ್ಲಿ ಎಲೆಕ್ಟ್ರಾನನ್ನೂ ಪ್ರೋಟಾನನ್ನೂ ಪಡೆದು ಅದು ನೀರಾಗುತ್ತದೆ. ಬಟಾಣಿ ಎಳೆದುಕೊಂಡ ಆಮ್ಲಜನಕ ಬಟಾಣಿಯೊಳಗೆ ನೀರಾಗಿ ಉಳಿದಿದೆ. ಹೊರಬಂದ ಅನಿಲದಲ್ಲಿರುವ ಆಮ್ಲಜನಕ ಸಕ್ಕರೆಯಿಂದಲೂ ನೀರಿನಿಂದಲೂ ಬಂದದ್ದು.

ಈಗ ಲೆಕ್ಕ. ಗಂಟೆಗೆ 2.4 ಮಿಲಿಲೀಟರ್ ಎಂದಾಯಿತು. ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಗ್ಲೂಕೋಸ್ ಪೂರ್ತಿ ಉತ್ಕರ್ಷಣಗೊಂಡರೆ ಸುಮಾರು 2800 ಕಿಲೋಜೂಲ್ ಶಾಖ ಬರುತ್ತದೆ, ಅದಕ್ಕೆ ಆರು ಮೋಲ್ ಆಮ್ಲಜನಕ ಬೇಕು, ಈ ಉಷ್ಣತೆಯಲ್ಲಿ ಒಂದು ಮೋಲ್ ಅನಿಲ 24.5 ಲೀಟರ್ ಜಾಗ ಹಿಡಿಯುತ್ತದೆ. ಭಾಗಿಸಿ ಗುಣಿಸಿದರೆ ಇಪ್ಪತ್ತು ಕಾಳುಗಳಿಗೆ, ಅಂದರೆ ನೆನೆದ ತೂಕದಲ್ಲಿ 10 ಗ್ರಾಂಗೆ, ಗಂಟೆಗೆ ಸುಮಾರು 45 ಜೂಲ್. ಫ್ಲಾಸ್ಕಿಗೆ ಹಾಕಲು ನಾನು ತೂಗಿಟ್ಟಿರುವ 200 ಗ್ರಾಂ ಕಾಳಿಗೆ ಗಂಟೆಗೆ 900 ಜೂಲ್.

ದಿನ 7

ಎರಡು ಥರ್ಮಾಸ್ ಫ್ಲಾಸ್ಕುಗಳನ್ನು, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕೆಳಕ್ಕೆ ಸೋರಿಹೋಗಲೆಂದು ತಲೆಕೆಳಗಾಗಿ ನಿಲ್ಲಿಸಿ, ಬಾಯಿಗೆ ಹತ್ತಿ ತುರುಕಿ, ಅದರ ನಡುವೆ ಉಷ್ಣಮಾಪಕ ತೂರಿಸಿದೆ. ಒಂದರಲ್ಲಿ ಮೊಳಕೆ ಕಾಳು, ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಕಾಳು. ಒಂದು ದಿನ ಕಳೆಯುವಷ್ಟರಲ್ಲಿ ಮೊಳಕೆಯ ಫ್ಲಾಸ್ಕ್ ಕೋಣೆಯ ಉಷ್ಣತೆಗಿಂತ 7 ಡಿಗ್ರಿ ಮೇಲೇರಿ ಅಲ್ಲಿಯೇ ನಿಂತಿತು, ಬೇಯಿಸಿದ್ದು ಏರಲಿಲ್ಲ.

ದಿನ 10

ಬೇಯಿಸಿದ ಕಾಳಿನ ಫ್ಲಾಸ್ಕ್ ಕೂಡ ಬಿಸಿಯಾಗತೊಡಗಿದೆ! ಸತ್ತ ಕಾಳಿಗೆ ಜೀವ ಬಂದಿಲ್ಲ. ಮುಚ್ಚಳ ತೆಗೆದರೆ ಲೋಳೆ, ಬೂಷ್ಟು, ಮೂಗು ಮುಚ್ಚಿಕೊಳ್ಳುವಂಥ ನಾತ. ಕೊಳೆಸುವ ಸೂಕ್ಷ್ಮಜೀವಿಗಳ ಉಸಿರಾಟವೂ ಉಸಿರಾಟವೇ. ಎರಡೂ ಬಗೆಯ ಕಾಳನ್ನು ಫ್ಲಾಸ್ಕಿಗೆ ಹಾಕುವ ಮುನ್ನ ಸೋಂಕುನಿವಾರಕದಲ್ಲಿ ತೊಳೆಯಬೇಕಿತ್ತು, ತೊಳೆದಿರಲಿಲ್ಲ. ಮೊದಲ ದಿನದ ಅಳತೆಯನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಹೊಡೆದುಹಾಕಿದ್ದೇನೆ. ಮೊಳಕೆಯ ಫ್ಲಾಸ್ಕನ್ನು ಖಾಲಿ ಮಾಡುವಾಗ ಬೇರೊಂದು ವಾಸನೆ ಬಂತು, ಅದನ್ನು ಆಗ ಬರೆದಿಟ್ಟುಕೊಂಡೆನೇ ಹೊರತು ಅದಕ್ಕೆ ಮಹತ್ವ ಕೊಡಲಿಲ್ಲ.

ದಿನ 11

ಫ್ಲಾಸ್ಕಿನಿಂದ ಎಷ್ಟು ಶಾಖ ಸೋರುತ್ತದೆ ಎಂದು ತಿಳಿಯದೆ 7 ಡಿಗ್ರಿಗೆ ಅರ್ಥವಿಲ್ಲ. ಕೋಣೆಗಿಂತ 10 ಡಿಗ್ರಿ ಬಿಸಿಯಾದ 200 ಮಿಲಿಲೀಟರ್ ನೀರು ತುಂಬಿ, ಹತ್ತಿಯನ್ನು ಅದೇ ರೀತಿ ತುರುಕಿ ಕಾದೆ. ನೀರು ಚೆಲ್ಲದಂತೆ ಈ ಸಲ ಫ್ಲಾಸ್ಕನ್ನು ನೆಟ್ಟಗೇ ನಿಲ್ಲಿಸಬೇಕಾಯಿತು, ಅದರಿಂದ ಆಗಬಹುದಾದ ವ್ಯತ್ಯಾಸವನ್ನು ಬದಿಗಿಟ್ಟಿದ್ದೇನೆ. ಮೊದಲ ಗಂಟೆಯಲ್ಲಿ ನೀರು ಒಂದೂವರೆ ಡಿಗ್ರಿ ತಣಿಯಿತು. ಅಂದರೆ ಗಂಟೆಗೆ 1260 ಜೂಲ್ ಸೋರಿಕೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 126 ಜೂಲ್. ಉಷ್ಣತೆ 7 ಡಿಗ್ರಿಯಲ್ಲಿ ಸ್ಥಿರವಾಗಿ ನಿಂತಿತ್ತೆಂದರೆ ಕಾಳು ಕೊಟ್ಟದ್ದೂ ಫ್ಲಾಸ್ಕ್ ಕಳೆದುಕೊಂಡದ್ದೂ ಸಮ, ಗಂಟೆಗೆ 882 ಜೂಲ್. ಆಮ್ಲಜನಕದ ಲೆಕ್ಕ 900 ಹೇಳಿತ್ತು! ಅಂದು ರಾತ್ರಿ ನಾನು ಪ್ರಯೋಗ ಮುಗಿಯಿತೆಂದೇ ನೆಮ್ಮದಿಯಿಂದ ಮಲಗಿದೆ.

ದಿನ 12

ಮುಗಿದಿಲ್ಲ. 900 ಜೂಲ್ ಎಂಬುದು 25 ಡಿಗ್ರಿಯಲ್ಲಿ ಉಸಿರಾಡುವ ಕಾಳಿನದು, ಫ್ಲಾಸ್ಕಿನೊಳಗಿನ ಕಾಳು 32 ಡಿಗ್ರಿಯಲ್ಲಿತ್ತು. ಕಿಣ್ವಗಳ ಕೆಲಸ ಉಷ್ಣತೆ ಏರಿದಂತೆ ಚುರುಕಾಗುತ್ತದೆ. ತಟ್ಟೆಯ ನೀರನ್ನು 32 ಡಿಗ್ರಿಗೆ ತಂದು, ಹೊಸದಾಗಿ ಮೊಳಕೆ ಬರಿಸಿಟ್ಟಿದ್ದ ಇಪ್ಪತ್ತು ಕಾಳುಗಳ ಹನಿಯನ್ನು ಮತ್ತೆ ಓದಿದರೆ ಇಪ್ಪತ್ತು ನಿಮಿಷಕ್ಕೆ 1.3 ಮಿಲಿಲೀಟರ್ ಬಂತು. ಆ ಲೆಕ್ಕದಂತೆ ಫ್ಲಾಸ್ಕಿನ ಕಾಳು ಗಂಟೆಗೆ 1400 ಜೂಲಿಗೂ ಹೆಚ್ಚು ಶಾಖ ಕೊಡಬೇಕಿತ್ತು. ಕೊಟ್ಟದ್ದು ಅದರ ಶೇಕಡ 60ರಷ್ಟು ಮಾತ್ರ.

ಇಲ್ಲಿ ನಾನು ಒಂದು ಹಳ್ಳಕ್ಕೆ ಬೀಳುವುದರಲ್ಲಿದ್ದೆ. ಗ್ಲೂಕೋಸಿನ ಶಕ್ತಿಯಲ್ಲಿ ಶೇಕಡ 40ರ ಆಸುಪಾಸು ಎಟಿಪಿಯಲ್ಲಿ ಸೆರೆಯಾಗುತ್ತದೆ, ಉಳಿದದ್ದು ಶಾಖವಾಗುತ್ತದೆ ಎಂದು ಪಠ್ಯಗಳಲ್ಲಿರುತ್ತದೆ. ಅರವತ್ತು ಶಾಖ, ನಲವತ್ತು ಎಟಿಪಿ: ಇದಕ್ಕಿಂತ ಚೆಂದದ ಉತ್ತರ ಬೇಕೇ? ಟಿಪ್ಪಣಿ ಪುಸ್ತಕದಲ್ಲಿ ಹಾಗೆಂದು ಬರೆದೂ ಬಿಟ್ಟಿದ್ದೆ.

ಆದರೆ ಎಟಿಪಿ ಕಣಜವಲ್ಲ, ಕೈಯಿಂದ ಕೈಗೆ ಓಡಾಡುವ ಚಿಲ್ಲರೆ. ಎಲೆಕ್ಟ್ರಾನುಗಳು ಸರಪಳಿಯಲ್ಲಿ ಇಳಿಯುವಾಗ ಪ್ರೋಟಾನುಗಳು ಒಳಪೊರೆಯ ಹೊರಮಗ್ಗುಲಿಗೆ ದೂಡಲ್ಪಟ್ಟು, ಕಟ್ಟೆಯ ಹಿಂದಿನ ನೀರಿನಂತೆ ಒತ್ತಡ ಹಾಕಿ, ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ವಾಪಸು ಧುಮುಕುವಾಗ ಅದನ್ನು ತಿರುಗಿಸುತ್ತವೆ. 1961ರಲ್ಲಿ ಪೀಟರ್ ಮಿಚೆಲ್ ಪ್ರೋಟಾನುಗಳ ಈ ಒತ್ತಡವೇ ಎಟಿಪಿ ತಯಾರಿಕೆಯನ್ನು ನಡೆಸುತ್ತದೆ ಎಂದಾಗ ಹಲವರು ಒಪ್ಪಲಿಲ್ಲ, 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಆ ಕಿಣ್ವದ ಭಾಗವೊಂದು ನಿಜವಾಗಿಯೂ ತಿರುಗುವುದನ್ನು 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಯೊಂದನ್ನು ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ಕಂಡರು. ಹೀಗೆ ಒಂದು ಗ್ಲೂಕೋಸಿಗೆ ಒಟ್ಟು 30ರಿಂದ 32 ಎಟಿಪಿ ಸಿಗುತ್ತವೆ ಎಂಬುದು ಈಗಿನ ಅಂದಾಜು. ಸಿಕ್ಕದ್ದು ಕೂಡಲೇ ಖರ್ಚಾಗುತ್ತದೆ: ಅಯಾನುಗಳನ್ನು ಪೊರೆಯಾಚೆ ದಾಟಿಸಲು, ಸವೆದ ಪ್ರೋಟೀನುಗಳ ಜಾಗದಲ್ಲಿ ಹೊಸದನ್ನು ಕಟ್ಟಲು. ಖರ್ಚಾದ ಶಕ್ತಿಯ ಬಹುಪಾಲು ಕೊನೆಗೆ ಶಾಖವಾಗಿ ಅದೇ ಫ್ಲಾಸ್ಕಿನೊಳಗೆ ಬರುತ್ತದೆ. ಬೆಳೆದ ಬೇರಿನ ಹೊಸ ಅಣುಗಳಲ್ಲಿ ಉಳಿದ ಚೂರುಪಾರು ಬಿಟ್ಟರೆ, ಶೇಕಡ 40 ಮಾಯವಾಗಲು ಜಾಗವಿಲ್ಲ. ನಲವತ್ತು ಎಂಬ ಅಂಕಿ ಹೊಂದಿದ್ದು ಆಕಸ್ಮಿಕ.

ದಿನ 14

ಖಾಲಿ ಮಾಡುವಾಗ ಬಂದ ಆ ವಾಸನೆ ನೆನಪಾಯಿತು. ಸಿಹಿಮಿಶ್ರಿತ, ಮೂಗಿಗೆ ಚುರುಕು ತಟ್ಟುವ, ಮದ್ಯಸಾರದ ವಾಸನೆ. ಮೂರನೆಯ ದಿನ ಸಿಪ್ಪೆ ಮಾಡಿದ ಕೆಲಸವನ್ನೇ ಇಲ್ಲಿ ಒತ್ತೊತ್ತಾಗಿ ತುಂಬಿದ ಕಾಳಿನ ರಾಶಿ ಮಾಡಿರಬೇಕು. ನಡುವಿನ ಕಾಳುಗಳಿಗೆ ಆಮ್ಲಜನಕ ಸಾಲದೆ ಅವು ಹುದುಗಿಗೆ ಇಳಿದಿದ್ದವು, ಸಕ್ಕರೆಯ ಶಕ್ತಿಯ ಬಹುಭಾಗ ಎಥೆನಾಲಿನಲ್ಲಿಯೇ ಉಳಿದಿತ್ತು ಎಂಬುದು ನನ್ನ ಊಹೆ.

ಊಹೆಯನ್ನು ಪರೀಕ್ಷಿಸುವುದು ಸುಲಭ. ಹೊಸ ಕಾಳು, ಈ ಬಾರಿ ತೊಳೆದದ್ದು, 100 ಗ್ರಾಂ ಮಾತ್ರ, ನಡುನಡುವೆ ಸಡಿಲವಾದ ಹತ್ತಿ. ಊಹೆ ತಪ್ಪಾಗಿದ್ದರೆ ಕಾಳು ಅರ್ಧವಾದಾಗ ಏರಿಕೆಯೂ ಅರ್ಧವಾಗಿ, ಮೂರೂವರೆ ಡಿಗ್ರಿ ಅಥವಾ ಅದಕ್ಕೂ ಕಡಿಮೆ ಬರಬೇಕು.

ದಿನ 16

ನಾಲ್ಕೂವರೆ ಡಿಗ್ರಿ ಏರಿ ನಿಂತಿತು, ಮದ್ಯಸಾರದ ವಾಸನೆ ಇಲ್ಲ. ಸೋರಿಕೆಯ ಲೆಕ್ಕದಲ್ಲಿ ಇದು ಗಂಟೆಗೆ 567 ಜೂಲ್. ಎರಡು ಉಷ್ಣತೆಗಳಲ್ಲಿ ಓದಿದ ಹನಿಯ ನಡುವಿನ ಅಂದಾಜು ಹಿಡಿದರೆ ಆಮ್ಲಜನಕದ ಲೆಕ್ಕ ಸುಮಾರು 615 ಜೂಲ್ ಹೇಳುತ್ತದೆ. ಉಳಿದ 48 ಜೂಲ್ ಬೇರಿನ ಬೆಳವಣಿಗೆಗೆ ಹೋಯಿತು ಎಂದು ಬರೆಯುವ ಆಸೆಯಿದೆ, ಆದರೆ ನನ್ನ ಉಷ್ಣಮಾಪಕವನ್ನು ಅರ್ಧ ಡಿಗ್ರಿಗಿಂತ ನಿಖರವಾಗಿ ಓದಲಾಗುವುದಿಲ್ಲ, ಅರ್ಧ ಡಿಗ್ರಿ ಎಂದರೇ 63 ಜೂಲ್. ಮುಂದಿನ ಕಂತಿಗೆ ಮೊದಲು ಇನ್ನೂ ಸೂಕ್ಷ್ಮವಾದ ಉಷ್ಣಮಾಪಕ ಹುಡುಕಬೇಕು.